ಹಳ್ಳದಾಚೆಯ ಗಂಜಿ

ನಗಬಾರದ ಜಾಗದಲ್ಲೇ ನಗು ಬರುವಂಥ ಸಂಗತಿಗಳು ನನ್ನ ಪಾಲಿಗೆ ಬರುತ್ತವೆ. ಒಂದು ಮುಗಿಯಿತು, ಇನ್ನು ಸ್ವಲ್ಪ ದಿನ ಸುಮ್ಮನೆ ರೊಟ್ಟಿ ಬಡಿಯೋಣ ಎಂದುಕೊಳ್ಳುವುದರೊಳಗೆ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ತಪ್ಪು ನನ್ನದಲ್ಲ. ನಾನು ಕೆಲಸ ಮಾಡುವ ಹೋಟೆಲಿನ ಮಾಲಕರೇ ಹಾಗೆ.

ಹೋಟೆಲು ಇರುವುದು ಮುಂಡಗೋಡದಿಂದ ಟಿಬೆಟಿಯನ್ ಕ್ಯಾಂಪಿಗೆ ಹೋಗುವ ರಸ್ತೆಯ ಮೇಲೆ. ಮುಂದಿನ ಒಲೆಯಲ್ಲಿ ಆವಿಯಲ್ಲಿ ಬೆಂದ ಮೊಮೊ, ಶಾವಿಗೆ ಸಾರಿನಂಥ ತುಕ್ಪಾ. ಹಿಂದಿನ ಒಲೆಯಲ್ಲಿ ರೊಟ್ಟಿ, ಪಲ್ಯ, ಅನ್ನ, ಸಾರು. ಹಿಂದಿನ ಒಲೆ ನನ್ನದು. ನಾನು ಸನವಳ್ಳಿಯವಳು. ನನ್ನ ಮಕ್ಕಳು ಶಾಲೆಗೆ ಹೋಗುತ್ತಿದ್ದಾಗ ಇಲ್ಲಿ ಸೇರಿದೆ, ಈಗ ಮೊಮ್ಮಕ್ಕಳು ಹೋಗುತ್ತಿದ್ದಾರೆ. ಮಾಲಕರು ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನನ್ನನ್ನು ‘ಅಕ್ಕಾರ’ ಎನ್ನುತ್ತಾರೆ. ಹಾಗೆ ಕರೆದಾಗಲೆಲ್ಲ ಏನೋ ಹೊಸ ಕೆಲಸ ಬಂತು ಎಂದೇ ಅರ್ಥ.

ಮಾಲಕರು ಟಿಬೆಟಿಯನ್ನರು. ಈ ಊರಿಗೆ ಬಂದದ್ದು ಕೈಗೂಸಾಗಿ, ತಾಯಿಯ ಬೆನ್ನಿಗೆ ಕಟ್ಟಿಸಿಕೊಂಡು. ಆಗ ಇಲ್ಲಿ ಕ್ಯಾಂಪು ಎಂದರೆ ಕಾಡಿನೊಳಗೆ ಹೊಡೆದ ಡೇರೆಗಳು ಅಷ್ಟೇ. ತಂದೆ ಮರ ಕಡಿಯಲು ಹೋಗಿದ್ದರು. ಮಳೆ ಹಿಡಿದುಕೊಂಡಿತ್ತು. ತಾಯಿಗೆ ಜ್ವರ, ಎದೆಯಲ್ಲಿ ಹಾಲಿಲ್ಲ, ಕೂಸು ಅತ್ತು ಅತ್ತು ದನಿ ಹೋಗಿತ್ತು. ಆಗ ಹಳ್ಳದಾಚೆಯ ಸಿದ್ದಿಗಳ ಕೇರಿಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಗಡಿಗೆ ಇಟ್ಟುಕೊಂಡು ಬಂದು ಗಂಜಿ ಕೊಟ್ಟಳಂತೆ. ಮಾತಿಲ್ಲ ಕತೆಯಿಲ್ಲ, ದಿನ ಬಿಟ್ಟು ದಿನ ಬರುವುದು, ಸುರಿಯುವುದು, ಹೋಗುವುದು. ತಾಯಿ ಎದ್ದು ಕೂತರು, ಕೂಸು ಉಳಿಯಿತು. ಆಮೇಲೆ ಇವರ ಡೇರೆಯನ್ನು ಬೇರೆ ಕಡೆ ಎತ್ತಿದರು. ಹುಡುಕಿಕೊಂಡು ಹೋಗಲು ದಾರಿಯೂ ತಿಳಿಯದು, ಭಾಷೆಯೂ ಬಾರದು.

ತಾಯಿ ಮುಪ್ಪಿನವರೆಗೂ ಅನ್ನದ ಮುಂದೆ ಕೂತಾಗಲೆಲ್ಲ ಆ ಹೆಂಗಸನ್ನು ನೆನೆಯುತ್ತಿದ್ದರು. ಸಾಯುವಾಗ ಮಗನಿಗೆ ಹೇಳಿದ್ದು ಒಂದೇ ಮಾತು: ಅವಳು ಇದ್ದರೆ ಹುಡುಕು, ನಿನ್ನ ಕೈಯಿಂದ ಅವಳಿಗೆ ಒಂದು ಹೊತ್ತು ಉಣ್ಣಿಸು. ಕೇಳಲು ಸಣ್ಣ ಮಾತು. ಆದರೆ ಇದೊಂದನ್ನು ನಡೆಸುವುದಕ್ಕೆ ಮಾಲಕರು ಪಟ್ಟ ಪಾಡನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಮಾಲಕರ ಮೇಲೆ ದೂರು

ಅವರ ಸ್ವಭಾವ ತಿಳಿಯಬೇಕಾದರೆ ಮೊದಲು ಇದನ್ನು ಹೇಳಬೇಕು. ಮಾಲಕರು ಗಲ್ಲಾದ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಗಲ್ಲಾ ಅವರ ಹೆಂಡತಿಯದು. ಇವರು ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಟೇಬಲ್ಲು ಒರೆಸುತ್ತಾರೆ, ನೀರು ಹಾಕುತ್ತಾರೆ, ಕೂಲಿಯವನೇ ಬರಲಿ, ಸಾಹೇಬನೇ ಬರಲಿ ತಾಟನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಬಾಗಿ ಮುಂದಿಡುತ್ತಾರೆ. ಈ ನೆಲದ ಮಂದಿ ನನಗೆ ಉಣ್ಣಲು ಕೊಟ್ಟವರು, ಅವರ ಮುಂದೆ ನಾನು ಕೂರುವುದು ಸರಿಯಲ್ಲ ಎನ್ನುವುದು ಅವರ ವಾದ. ಹಾಗಾದರೆ ನಾವು ಕೂರಬಹುದೇ ಎಂದು ನಾನು ಒಮ್ಮೆ ಕೇಳಿದೆ. ನೀವು ಈ ನೆಲದವರೇ ಅಲ್ಲವೇ, ಕೂತುಕೊಳ್ಳಿ ಎಂದರು. ಅಂದಿನಿಂದ ನಾನು ಸ್ಟೂಲು ಹಾಕಿಕೊಂಡೇ ರೊಟ್ಟಿ ಬಡಿಯುತ್ತೇನೆ.

ಒಂದು ಮಧ್ಯಾಹ್ನ ಹುಬ್ಬಳ್ಳಿ ಕಡೆಯ ಸೇಲ್ಸ್‌ಮನ್ ಒಬ್ಬ ಬಂದು ಕೂತ. ಅವನಿಗಿಂತ ಮೊದಲೇ ಹಳಿಯಾಳದ ಕಡೆ ಕಬ್ಬು ಕಡಿದು ಬಂದ ಗಂಡ ಹೆಂಡತಿ ಕೂತಿದ್ದರು. ಮಾಲಕರು ಮೊದಲು ಅವರಿಗೆ ಬಡಿಸಿದರು, ಸಾರು ಬೇಕೇ ಎಂದು ಮತ್ತೆ ಕೇಳಿದರು, ಆ ಹೆಂಗಸಿನ ಕೂಸಿಗೆ ಬಿಸಿನೀರು ತಂದುಕೊಟ್ಟರು. ಸೇಲ್ಸ್‌ಮನ್ ಫೋನು ನೋಡುತ್ತಲೇ ಸಿಟ್ಟಾದ. ತಲೆ ಎತ್ತದೆ, ಹೋಗಿ ನಿಮ್ಮ ಮಾಲಕನನ್ನು ಕರಿ ಎಂದ.

ಮಾಲಕರು ಒಳಗೆ ಬಂದರು. ಟವೆಲ್ ಗೂಟಕ್ಕೆ ಹಾಕಿ, ಕೈ ತೊಳೆದು, ಕೂದಲು ಸರಿಮಾಡಿಕೊಂಡು ಹೊರಗೆ ಹೋಗಿ, ನಾನೇ ಮಾಲಕ, ಹೇಳಿ ಎಂದರು. ಅವನು ಫೋನಿನಿಂದ ಕಣ್ಣು ತೆಗೆಯದೆ ಹೇಳಿದ್ದೇ ಹೇಳಿದ್ದು. ನಿಮ್ಮ ವೇಟರ್‌ಗೆ ಯಾರು ದೊಡ್ಡವರು ಯಾರು ಸಣ್ಣವರು ಎನ್ನುವ ತಿಳುವಳಿಕೆ ಇಲ್ಲ, ಅಂಥವನನ್ನು ಇಟ್ಟುಕೊಂಡರೆ ಹೋಟೆಲು ಮುಳುಗುತ್ತದೆ, ಇವತ್ತೇ ಬಿಡಿಸಿ ಎಂದ. ಮಾಲಕರು ಕೈ ಕಟ್ಟಿಕೊಂಡು ಪೂರ್ತಿ ಕೇಳಿದರು.

"ಬಿಡಸಾಕ ಬರೂದಿಲ್ರಿ ಸಾಹೇಬ್ರ. ಅಂವಗ ಬ್ಯಾರೆ ಕೆಲಸ ಬರಂಗಿಲ್ಲ" ಎಂದರು.

ಗಲ್ಲಾದಿಂದ ಹೆಂಡತಿಯ ದನಿ ಬಂತು: "ಅದು ಖರೇನ ಐತಿ ನೋಡ್ರಿ."

ಬಿಳಿ ಬಟ್ಟೆ

ತಾಯಿ ತೀರಿಕೊಂಡ ಕೆಲವು ತಿಂಗಳಿಗೆ ಮಾಲಕರು ಆ ಕೇರಿಯನ್ನು ಪತ್ತೆ ಹಚ್ಚಿದರು. ಅತ್ತಿವೇರಿ ಕಡೆಯ ಕಾಡಂಚಿನಲ್ಲಿ ನಾಲ್ಕಾರು ಮನೆಗಳ ಕೇರಿ. ಆ ಮಳೆಗಾಲ ಕಂಡ ಹೆಂಗಸು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಾಗ, ಒಬ್ಬಳೇ ಮುದುಕಿ ಉಳಿದಿದ್ದಾಳೆ, ಕೊನೆಯ ಮನೆಯವಳು ಎಂದರು. ಮಾಲಕರ ಕಣ್ಣಲ್ಲಿ ನೀರು ಬಂತು. ದಾರಿಗೆ ಇರಲಿ, ಮಾತಿಗೆ ಇರಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು. ಕೈಯಲ್ಲಿ ಬಿಳಿಯ ರೇಷ್ಮೆಯ ಉದ್ದ ಪಟ್ಟಿ ಇತ್ತು. ಅವರಲ್ಲಿ ದೊಡ್ಡವರಿಗೆ ಗೌರವ ಕೊಡುವುದು ಅದನ್ನು ಕೊರಳಿಗೆ ಹಾಕಿ. ನಮ್ಮಲ್ಲಿ ಬಿಳಿ ಬಟ್ಟೆ ಯಾರಿಗೆ ಹೊದಿಸುತ್ತಾರೆ ಎಂದು ದಾರಿಯಲ್ಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕೇರಿಯವರೆಲ್ಲ ಆ ಮುದುಕಿಯನ್ನು ಆಯಿ ಎನ್ನುತ್ತಿದ್ದರು. ಆಯಿ ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದಳು. ಗಟ್ಟಿ ಮುದುಕಿ. ನಾನು ಸಂಗತಿ ಹೇಳಿದೆ, ಕ್ಯಾಂಪಿನ ಬಾಣಂತಿ, ಮಳೆ, ಗಂಜಿ ಎಂದೆಲ್ಲ. ಆಯಿಯ ಕೈ ನಿಂತಿತು. ಏನೋ ಹೇಳಲು ಬಾಯಿ ತೆಗೆದಳು. ಅಷ್ಟರಲ್ಲಿ ಮಾಲಕರು ಬಟ್ಟೆಯನ್ನು ಅವಳ ಕೊರಳಿಗೆ ಹಾಕಿ, ಅಂಗಳದ ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದುಬಿಟ್ಟರು. ಎದ್ದರು, ಮತ್ತೆ ಬಿದ್ದರು. ಅವರ ಪದ್ಧತಿಯಲ್ಲಿ ಮೂರು ಸಲ ಬೀಳಬೇಕು. ಮೂರನೆಯ ಸಲ ಬಿದ್ದವರು ಏಳಲಿಲ್ಲ, ಮುಖ ನೆಲಕ್ಕೆ ಹಚ್ಚಿ ಅಳುತ್ತಿದ್ದರು.

ಆಗ ಆಯಿಯ ಸೊಸೆ ಹಳ್ಳದಿಂದ ಬಟ್ಟೆ ತೊಳೆದುಕೊಂಡು ಬಂದಳು. ದೂರದಿಂದ ಅವಳಿಗೆ ಕಂಡದ್ದು, ಬಿಳಿ ಬಟ್ಟೆ ಹೊದ್ದು ಅಲುಗಾಡದೆ ಕೂತ ಅತ್ತೆ, ಎದುರಿಗೆ ನೆಲಕ್ಕೆ ಬಿದ್ದ ಯಾರೋ ಗಂಡಸು. ಬುಟ್ಟಿ ಅಲ್ಲೇ ಬಿಸಾಕಿ ಬಾಯಿ ಬಡಿದುಕೊಂಡಳು. ಕೇರಿಯೆಲ್ಲ ಓಡಿ ಬಂತು. ಒಬ್ಬ ಮುದುಕ ಬರುವಾಗಲೇ ಚಟ್ಟಕ್ಕೆ ಬಿದಿರು ಕಡಿಯಲು ಕತ್ತಿ ತಂದಿದ್ದ. ಆಯಿ ಎದ್ದು ನಿಂತು, ನಾ ಸತ್ತಿಲ್ಲ, ಸುಮ್ಮನಿರ್ರಿ ಎಂದು ಗದರಿಸಿದ ಮೇಲೆ ಗದ್ದಲ ನಿಂತಿತು. ಅಷ್ಟು ಮಂದಿಯ ನಡುವೆ ಆಯಿ ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು, ನಾವೂ ಕೇಳಲಿಲ್ಲ.

ಯಾರ ಸಲುವಾಗಿ ಅಳುತ್ತಿದ್ದೆ ಎಂದು ನಾನು ಆಮೇಲೆ ಸೊಸೆಯನ್ನು ಕೇಳಿದೆ. ಯಾರು ಸತ್ತಿದ್ದಾರೆ ಎಂದು ತಿಳಿಯಲಿಲ್ಲ, ಅದಕ್ಕೆ ಇಬ್ಬರಿಗೂ ಸೇರಿಸಿ ಅತ್ತುಬಿಟ್ಟೆ ಎಂದಳು.

ಮುಗಿಯದ ಚಹಾ

ಅಂದು ಮಾಲಕರು ಬುತ್ತಿ ಕಟ್ಟಿಸಿಕೊಂಡು ಹೋಗಿದ್ದರು. ಆಯಿ ಮುಟ್ಟಲಿಲ್ಲ. ಹಸಿವಿಲ್ಲ ಎಂದಳು. ಮುಂದಿನ ವಾರ ಹೋದಾಗ ಹಲ್ಲುನೋವು, ಅದರ ಮುಂದಿನ ವಾರ ಉಪವಾಸ. ಹೋಟೆಲಿಗೆ ಬನ್ನಿ ಎಂದರೆ ಕಾಲುನೋವು. ಅದೇ ಕಾಲಿನಲ್ಲಿ ಕಾಡಿಗೆ ಹೋಗಿ ಕಟ್ಟಿಗೆ ತರುತ್ತಿದ್ದಳು. ಒಂದು ಚೀಲ ಅಕ್ಕಿ ಕಳಿಸಿದರೆ, ಮರುದಿನ ಮಗನ ತಲೆಯ ಮೇಲೆ ಆ ಚೀಲ ತಿರುಗಿ ಬಂತು.

ಆ ಮಗ ಪಾಪದ ಮನುಷ್ಯ. ಅವ್ವ ಅವನಿಗೆ ಎರಡೇ ಮಾತು ಹೇಳಿ ಕಳಿಸಿದ್ದಳು: ಅಲ್ಲಿ ಏನು ಕೊಟ್ಟರೂ ಒಲ್ಲೆ ಎನ್ನಬೇಡ, ಅಲ್ಲೇ ಮುಗಿಸಿ ಬಾ. ಮನೆಗೆ ಮಾತ್ರ ಏನೂ ತರಬೇಡ.

ಮಾಲಕರು ಅವನನ್ನು ಕೂರಿಸಿ ತಮ್ಮ ಮನೆಯ ಚಹಾ ತರಿಸಿದರು. ಅದು ಬೆಣ್ಣೆ ಮತ್ತು ಉಪ್ಪು ಹಾಕಿದ ಚಹಾ. ನಾನು ಇಷ್ಟು ವರ್ಷ ಇದ್ದೇನೆ, ಇವತ್ತಿಗೂ ಅದನ್ನು ಕುಡಿಯುವಾಗ ಸಾರು ಎಂದು ಮನಸ್ಸಿಗೆ ಹೇಳಿಕೊಂಡೇ ಕುಡಿಯುತ್ತೇನೆ. ಅವರಲ್ಲಿ ಬಂದವರ ಬಟ್ಟಲು ಎಂದೂ ಬರಿದಾಗಬಾರದು. ಒಂದು ಗುಟುಕು ಇಳಿದರೆ ಮತ್ತೆ ತುಂಬಬೇಕು. ಸಾಕಾದವರು ತುಂಬಿದ ಬಟ್ಟಲನ್ನು ಹಾಗೇ ಬಿಡುತ್ತಾರೆ. ನಮ್ಮಲ್ಲಿ ಕೊಟ್ಟದ್ದನ್ನು ಬಿಟ್ಟು ಎದ್ದರೆ ಕೊಟ್ಟವರಿಗೆ ಅವಮಾನ. ಆ ಮಗ ಮರ್ಯಾದೆಗಾಗಿ ಕುಡಿದ, ಮಾಲಕರು ಮರ್ಯಾದೆಗಾಗಿ ತುಂಬಿದರು. ಅವನು ಕಣ್ಣು ಮುಚ್ಚಿ ಮತ್ತೆ ಕುಡಿದ. ಎಷ್ಟು ಚೆನ್ನಾಗಿ ಕುಡಿಯುತ್ತಾನೆ ಎಂದು ಮಾಲಕರಿಗೆ ಸಂತೋಷ. ಒಳಗಿನಿಂದ ಇನ್ನೊಂದು ಕೆಟಲ್ ತರಿಸಿದರು.

ನಾನು ರೊಟ್ಟಿ ಬಿಟ್ಟು ಹೊರಗೆ ಬರುವ ಹೊತ್ತಿಗೆ ಅವನ ಹಣೆಯ ಮೇಲೆ ಬೆವರು ಮೂಡಿತ್ತು, ಮಾಲಕರ ಹಣೆಯ ಮೇಲೂ ಮೂಡಿತ್ತು. ಮನೆಯ ಬೆಣ್ಣೆ ಮುಗಿಯಲು ಬಂದಿತ್ತು. ಇಬ್ಬರಿಗೂ ಪದ್ಧತಿ ತಿಳಿಸಿ ನಾನೇ ಬಟ್ಟಲನ್ನು ಎತ್ತಿಕೊಂಡೆ. ಮಗ ಬಾಗಿಲ ಕಂಬ ಹಿಡಿದು ಎದ್ದ. ಮನೆಗೆ ಹೋಗಿ ಅವ್ವನಿಗೆ ಹೇಳಿದನಂತೆ:

"ಯವ್ವಾ, ಇನ್ನ ಮ್ಯಾಲ ಅಕ್ಕಿ ಬಂದ್ರ ಇಟ್ಕೊ. ತಿರುಗಿ ಕೊಡಾಕ ನಾ ಹೋಗಂಗಿಲ್ಲ."

ಕೆಂಪು ದಾರದ ಹುಂಜ

ಆಯಿ ಅಷ್ಟಕ್ಕೆ ಬಗ್ಗುವವಳಲ್ಲ. ತಿರುಗಿ ಕೊಡಲು ಮಗ ಒಲ್ಲೆ ಎಂದ ಮೇಲೆ, ಕೊಟ್ಟದ್ದಕ್ಕೆ ಬದಲು ಕಳಿಸಲು ಶುರು ಮಾಡಿದಳು. ನಮ್ಮಿಂದ ಕಂಬಳಿ ಹೋದರೆ ಅಲ್ಲಿಂದ ಜೇನುತುಪ್ಪ. ನಮ್ಮಿಂದ ಸ್ವೆಟರ್ ಹೋದರೆ ಅಲ್ಲಿಂದ ಕುಂಬಳಕಾಯಿ, ಕಳಲೆ, ಬಿದಿರಿನ ಮೊರ. ಈ ಮುದುಕಿಗೆ ನಮ್ಮದು ಒಂದು ಕಾಳೂ ಬೇಡವಾಗಿದೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಮಾಲಕರು ಮಾತ್ರ ಕುಂಬಳಕಾಯಿಯನ್ನೂ ಎರಡು ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿ ಇಟ್ಟುಕೊಳ್ಳುತ್ತಿದ್ದರು.

ಒಂದು ದಿನ ಕಾಲು ಕಟ್ಟಿದ ಹುಂಜ ಬಂತು. ಕುತ್ತಿಗೆ ಇಷ್ಟು ದಪ್ಪ, ಜುಟ್ಟು ಕೆಂಪಗೆ. ನಾನು ಮಸಾಲೆ ಹುರಿಯಲು ಬಾಣಲೆ ಇಟ್ಟೆ. ಮಾಲಕರು ಬಂದು ಒಲೆ ಆರಿಸಿದರು. ಜೀವ ಇದ್ದದ್ದು ಕೈಗೆ ಬಂದರೆ ಅದನ್ನು ಕೊಲ್ಲಬಾರದು, ಅದೂ ಆಯಿ ಕೊಟ್ಟದ್ದು ಎಂದರು. ಕಾಲಿಗೆ ಕೆಂಪು ದಾರ ಕಟ್ಟಿದರು. ಹಾಗೆ ಕಟ್ಟಿದರೆ ಇದರ ಪ್ರಾಣ ಬಿಟ್ಟುಕೊಟ್ಟಿದ್ದೇವೆ, ಇನ್ನು ಯಾರೂ ಮುಟ್ಟಬಾರದು ಎಂದು ಅವರಲ್ಲಿ ಲೆಕ್ಕ. ನಮ್ಮದೇನು ಸಸ್ಯಾಹಾರಿ ಹೋಟೆಲಲ್ಲ, ಪೇಟೆಯಿಂದ ದಿನಾ ಕೋಳಿ ಮಾಂಸ ಬರುತ್ತದೆ. ಪೇಟೆಯ ಕೋಳಿಯ ಕಾಲಿಗೆ ಯಾಕೆ ದಾರ ಕಟ್ಟುವುದಿಲ್ಲ ಎಂದು ಕೇಳಿದೆ. ಮಾಲಕರು, ಅದು ಬರುವಾಗ ಕಾಲು ಇರುವುದಿಲ್ಲವಲ್ಲ ಅಕ್ಕಾರ ಎಂದರು.

ಹುಂಜ ಹೋಟೆಲಿನಲ್ಲೇ ಉಳಿಯಿತು. ಟೇಬಲ್ಲುಗಳ ಕೆಳಗೆ ಓಡಾಡುತ್ತ ಮಂದಿ ಬೀಳಿಸಿದ ಅನ್ನ ಹೆಕ್ಕುತ್ತಿತ್ತು. ಮೇಲೆ ಕೂತವರು ಚಿಕನ್ ಮೊಮೊ ತಿನ್ನುವಾಗ ಇದು ಕೆಳಗಿನಿಂದ ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿತ್ತು. ಎಷ್ಟೋ ಮಂದಿ ಅರ್ಧಕ್ಕೇ ನಿಲ್ಲಿಸಿ ವೆಜ್ ಕೊಡಿ ಎನ್ನುತ್ತಿದ್ದರು. ನಮ್ಮ ಹೋಟೆಲಿನಲ್ಲಿ ಎಲೆಕೋಸಿನ ಮೊಮೊಗೆ ಹೆಸರು ಬಂದದ್ದು ಅಡುಗೆಯಿಂದಲ್ಲ, ಆ ಹುಂಜದ ದೃಷ್ಟಿಯಿಂದ.

ದಾಂಡೇಲಿಯ ಸನ್ಮಾನ

ಒಂದು ಮಳೆಗಾಲ ಕಾಳಿ ನದಿಯ ನೀರು ಏರಿ ಮೌಳಂಗಿ ಕಡೆಯ ಕೆಲವರು ಮನೆ ಬಿಟ್ಟು ಬರಬೇಕಾಯಿತು. ಮಾಲಕರು ಅಂಗಡಿ ಮುಚ್ಚಿ, ಟೆಂಪೊದಲ್ಲಿ ಪಾತ್ರೆ, ಒಲೆ, ನನ್ನನ್ನು, ನನ್ನ ಸ್ಟೂಲನ್ನು ಹಾಕಿಕೊಂಡು ದಾಂಡೇಲಿಗೆ ಹೋದರು. ನೀರು ಇಳಿಯುವವರೆಗೂ ಅಲ್ಲೇ ಅಡುಗೆ. ಮಳೆಯಲ್ಲಿ ನೆನೆದ ಕೂಸನ್ನು ಕಂಡರೆ ಹೆಗಲ ಟವೆಲಿನಿಂದ ಅದರ ತಲೆ ಒರೆಸುತ್ತಿದ್ದರು. ತಾಯಂದಿರಿಗೆ ಮೊದಲು ಹಾಕಿ ಎಂದು ಅಷ್ಟೇ ಹೇಳುತ್ತಿದ್ದರು.

ಆಮೇಲೆ ಅಲ್ಲಿಯ ಒಂದು ಸಂಘದವರು ಅವರಿಗೆ ಸನ್ಮಾನ ಇಟ್ಟುಕೊಂಡರು. ಮಾಲಕರು ಒಲ್ಲೆ ಎಂದರು. ಸಂಘದವರು ಬಿಡಲಿಲ್ಲ. ಕೊನೆಗೆ, ಬರುತ್ತೇನೆ, ಆದರೆ ಬಂದ ಮಂದಿಯ ಊಟ ನಾನು ಬಡಿಸುತ್ತೇನೆ ಎಂದು ಒಪ್ಪಿದರು. ಟೆಂಪೊ ಡ್ರೈವರ್ ಕೂಡ ಕ್ಯಾಂಪಿನವನೇ, ಕೋಟು ಹಾಕಿಕೊಂಡು ಬಂದಿದ್ದ. ವೇದಿಕೆಯ ಕುರ್ಚಿ ತೋರಿಸಿದಾಗ ಮಾಲಕರು, ನಾನು ಸಾರು ನೋಡಿ ಬರುತ್ತೇನೆ, ಅಲ್ಲಿಯವರೆಗೆ ನೀನು ಕೂತಿರು ಎಂದು ಅವನನ್ನು ಕೂರಿಸಿ ಹಿಂದಕ್ಕೆ ಬಂದುಬಿಟ್ಟರು. ಹೊಳೆಯ ನೀರಿನ ದಿನಗಳಲ್ಲಿ ಸಂಘದವರು ಯಾರೂ ಆ ಕಡೆ ಬಂದಿರಲಿಲ್ಲ, ಮಾಲಕರ ಮುಖ ಕಂಡವರು ಇರಲಿಲ್ಲ. ನಮ್ಮ ಮಂದಿಗೆ ಕ್ಯಾಂಪಿನ ಎಲ್ಲರ ಮುಖವೂ ಒಂದೇ ಥರ ಕಾಣುತ್ತದೆ. ಕೋಟು ಬೇರೆ ಇತ್ತು.

ನಾನು ಹಪ್ಪಳ ಕರಿಯುತ್ತಿದ್ದೆ. ಮೈಕಿನಲ್ಲಿ ದೂರದ ದೇಶದಿಂದ ಬಂದು, ತ್ಯಾಗಮೂರ್ತಿ ಎಂದೆಲ್ಲ ಕೇಳಿಸಿತು. ಇಣುಕಿ ನೋಡಿದರೆ ಡ್ರೈವರನ ತಲೆಯ ಮೇಲೆ ಪೇಟ, ಮೈಮೇಲೆ ಶಾಲು, ಕೊರಳಿಗೆ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಅವನು ಏಳಲು ನೋಡಿದಾಗಲೆಲ್ಲ ಯಾರೋ ಒಬ್ಬರು ಹೆಗಲು ಹಿಡಿದು ಕೂರಿಸುತ್ತಿದ್ದರು. ಎಷ್ಟು ವಿನಯ ನೋಡಿ ಎಂದು ಮೈಕಿನಲ್ಲಿ ಹೇಳಿದರು. ಸಭೆ ಚಪ್ಪಾಳೆ ಹೊಡೆಯಿತು. ಹಿಂದೆ ಸೌಟು ಹಿಡಿದು ನಿಂತ ಮಾಲಕರೂ ಹೊಡೆದರು.

ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು. ಡ್ರೈವರ್ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ:

"ಟೆಂಪೊದ ಹಿಂದ ಯಾರೋ ಬೈಕ್ ಹಚ್ಚ್ಯಾರ. ಊಟ ಆದವರು ತಗೀರಿ, ನಮಗ ದೂರ ಹೋಗೂದೈತಿ."

ತಿರುಗಿ ಬರುವಾಗ ಹಳಿಯಾಳದವರೆಗೂ ನಾನು ನಕ್ಕೆ. ಮಾಲಕರು ನಗಲಿಲ್ಲ. ಯಾಕೆ ಹೀಗೆ ತಪ್ಪಿಸಿಕೊಂಡಿರಿ ಎಂದು ಕೇಳಿದೆ. ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಆಯಿ ನನ್ನ ಕೈಲೆ ಇನ್ನೂ ಒಂದ ತುತ್ತು ತಿಂದಿಲ್ಲ ಅಕ್ಕಾರ. ಅದಾಗೂತನಕ ನಾ ಶಾಲು ಹೆಂಗ ಹೊದ್ಕೊಳ್ಳಲಿ?" ನನ್ನ ನಗು ಅಲ್ಲಿಗೇ ನಿಂತಿತು. ಶಾಲನ್ನು ಡ್ರೈವರನಿಗೇ ಬಿಟ್ಟರು. ಅವನು ಈಗ ಚಳಿಗಾಲದಲ್ಲಿ ಗಾಡಿ ಓಡಿಸುವಾಗ ಅದನ್ನೇ ಹೊದೆಯುತ್ತಾನೆ.

ಬಾಯಿ ತೆಗೀರಿ

ಹೋದ ವರ್ಷ ಮಳೆ ಹಿಡಿದ ಮೇಲೆ ಆಯಿ ಹಾಸಿಗೆ ಹಿಡಿದಳು. ಮಗ ಅವಳನ್ನು ಮುಂಡಗೋಡದ ಆಸ್ಪತ್ರೆಗೆ ತಂದು ಹಾಕಿದ. ಮಾಲಕರಿಗೆ ಅದು ಹೊಸ ಜಾಗವೇನಲ್ಲ. ಪ್ರತಿ ರವಿವಾರ ರೋಗಿಗಳ ಜೊತೆ ಬಂದವರಿಗೆ ಊಟ ಒಯ್ಯುವುದು ಅವರ ರೂಢಿ, ಅಲ್ಲಿಯ ಆಯಾಗಳೆಲ್ಲ ಪರಿಚಯದವರು. ಆಯಿಯನ್ನು ನೋಡಿ ಬಂದವರು ನನ್ನ ಒಲೆಯ ಮುಂದೆ ಬಂದು ನಿಂತರು. ಸೊರಗಿ ಹೋಗಿದ್ದಾಳೆ, ಏನೂ ತಿನ್ನುತ್ತಿಲ್ಲ, ತಿನ್ನದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ, ಗಂಜಿ ಮಾಡಿಕೊಡಿ ಎಂದರು. ತೆಳ್ಳಗೆ ಮಾಡಬೇಕು ಎಂದು ಡಾಕ್ಟರ ಮಾತನ್ನೂ ಹೇಳಿದರು. ನಾನು ಕೆಂಪಕ್ಕಿಯನ್ನು ಕುಟ್ಟಿ, ಚೆನ್ನಾಗಿ ಬೇಯಿಸಿ, ಬಟ್ಟೆಯಲ್ಲಿ ಸೋಸಿ ತೆಳ್ಳಗೆ ಮಾಡಿದೆ.

ದಿನಾ ಬೆಳಗ್ಗೆ ಒಯ್ದರು. ಆಯಿ ದಿನಾ ಗೋಡೆಯ ಕಡೆ ಮುಖ ತಿರುಗಿಸಿದಳು. ಸೊಸೆ ಕೊಟ್ಟ ಕಾಫಿ ಎರಡು ಗುಟುಕು ಇಳಿದರೆ ಇಳಿಯಿತು, ಇವರ ಗಂಜಿ ಮಾತ್ರ ಬೇಡ. ಮಾಲಕರು ಅದನ್ನು ಪಕ್ಕದ ಹಾಸಿಗೆಯವರಿಗೆ ಕೊಟ್ಟು ಬರುತ್ತಿದ್ದರು. ಬಂದು ಟೇಬಲ್ಲು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ನನಗೆ ನೋಡಲಾಗಲಿಲ್ಲ. ಒಂದು ಬೆಳಗ್ಗೆ ನಾನೂ ಜೊತೆಗೆ ಹೋದೆ, ಆಯಿಗೆ ಬೈದಾದರೂ ತಿನ್ನಿಸಬೇಕು ಎಂದುಕೊಂಡು.

ನಾವು ಹೋದಾಗ ಆಯಿ ಎಚ್ಚರವಾಗಿದ್ದಳು. ಸೊಸೆಯನ್ನು ಬಿಸಿನೀರು ತರಲು ಹೊರಗೆ ಕಳಿಸಿದಳು. ಮಾಲಕರಿಗೆ ಕೂತುಕೋ ಎಂದಳು. ಅವರು ಕೂರಲಿಲ್ಲ. ನೀ ಕೂತರೇ ನಾ ಹೇಳುವುದು ಎಂದಳು. ಮಾಲಕರು ಸ್ಟೂಲು ಬಿಟ್ಟು ನೆಲದ ಮೇಲೆ ಮಂಡಿ ಊರಿ ಕೂತರು, ಕೈಯಲ್ಲಿ ಗಂಜಿಯ ಡಬ್ಬಿ.

"ತಮ್ಮಾ, ನಿಮ್ಮವ್ವಗ ಗಂಜಿ ಕೊಟ್ಟಾಕಿ ನಾ ಅಲ್ಲ. ನಮ್ಮ ಅತ್ತಿ" ಎಂದಳು.

ಆಯಿ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ಹೇಳುತ್ತ ಹೋದಳು. ಅವಳು ಆಗಷ್ಟೇ ಮದುವೆಯಾಗಿ ಬಂದಿದ್ದಳು. ಆ ಮಳೆಗಾಲ ಮನೆಯಲ್ಲಿ ದಿನಕ್ಕೆ ಒಂದೇ ಗಡಿಗೆ ಗಂಜಿ. ಅತ್ತೆ ಅದನ್ನು ತಲೆಯ ಮೇಲಿಟ್ಟು ಹಳ್ಳದ ಕಡೆ ಹೊರಟಾಗ ಇವಳು ಬಾಗಿಲಿಗೆ ಅಡ್ಡ ನಿಂತು ಬೈದಿದ್ದಳು. ಯಾರೋ ಏನೋ, ಹೆಸರಿಲ್ಲ ಊರಿಲ್ಲ, ಅವರಿಗೆ ಕೊಟ್ಟರೆ ನಾನು ಏನು ತಿನ್ನಲಿ ಎಂದು ಗಡಿಗೆ ಹಿಡಿದು ಎಳೆದಿದ್ದಳು. ಅತ್ತೆ ಕೇಳಲಿಲ್ಲ. ಮುಂದಿನ ವರ್ಷ ಅತ್ತೆ ತೀರಿಕೊಂಡಳು. ಎಷ್ಟೋ ಕಾಲದ ಮೇಲೆ ಮಾಲಕರು ಅಂಗಳಕ್ಕೆ ಬಂದು ಬಿದ್ದಾಗ ಹೇಳಬೇಕೆಂದಳು, ಕೇರಿಯೆಲ್ಲ ನಿಂತಿತ್ತು. ಆಮೇಲೆ ಹೇಳಲು ನಾಚಿಕೆಯಾಯಿತು.

"ಬೈದಾಕಿ ನಾನು. ಕೊಟ್ಟಾಕಿ ಅಂತ ತಿಳದು ನೀ ಉಣಸಾಕ ಬಂದ್ರ, ನನ್ನ ಗಂಟಲದಾಗ ಹೆಂಗ ಇಳೀತೈತಿ? ಅದಕ್ಕ ಎಲ್ಲಾ ತಿರುಗಿ ಕಳಸ್ತಿದ್ದೆ."

ನನಗೆ ಆಯಿಯನ್ನು ನೋಡುವ ಧೈರ್ಯ ಬರಲಿಲ್ಲ, ಮಾಲಕರನ್ನು ನೋಡುವ ಧೈರ್ಯವೂ ಬರಲಿಲ್ಲ. ಇಷ್ಟು ವರ್ಷದ ಓಡಾಟ, ತಾಯಿಗೆ ಕೊಟ್ಟ ಮಾತು, ಎಲ್ಲ ಹೋಯಿತು ಎಂದುಕೊಂಡೆ. ಕೊಟ್ಟವಳು ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ಇನ್ನು ಅವರು ಯಾರಿಗೆ ಉಣ್ಣಿಸಬೇಕು?

ಮಾಲಕರು ಡಬ್ಬಿಯನ್ನು ಮಂಚದ ಅಂಚಿಗೆ ಇಟ್ಟರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಅತ್ತಿ ಗಡಗಿ ಒಯ್ದ ದಿನ ನೀವು ಏನ್ ಉಂಡ್ರಿ ಆಯಿ?"

"ಏನ್ ಉಣ್ಣೂದು? ನೀರು ಕುಡದು ಮಲಗೂದು."

"ಹಂಗಾದ್ರ ನಮ್ಮವ್ವ ಕುಡದದ್ದು ನಿಮ್ಮ ಪಾಲಿನ ಗಂಜಿ. ಕೊಟ್ಟಾಕಿ ನಿಮ್ಮ ಅತ್ತಿ, ಹಸದು ಮಲಗಿದಾಕಿ ನೀವು. ಬಾಯಿ ತೆಗೀರಿ."

ಆಯಿ ಅವರ ಮುಖವನ್ನೇ ನೋಡಿದಳು. ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ನಾನು ಸೆರಗು ಬಾಯಿಗೆ ಹಿಡಿದುಕೊಂಡು ನಿಂತಿದ್ದೆ. ಮಾಲಕರು ಡಬ್ಬಿ ತೆರೆದು ಚಮಚೆ ತುಂಬಿ ಹಿಡಿದರು. ಆಯಿ ಬಾಯಿ ತೆಗೆದಳು. ಒಂದು ಚಮಚೆ ಗಂಜಿ ಹೋಯಿತು, ಗಂಟಲಲ್ಲಿ ಇಳಿಯಿತು. ಎರಡನೆಯದೂ ಇಳಿಯಿತು. ಮಾಲಕರು ಅಳುತ್ತಿದ್ದರು, ನಾನೂ ಅಳುತ್ತಿದ್ದೆ, ಬಿಸಿನೀರು ಹಿಡಿದು ಬಾಗಿಲಲ್ಲಿ ನಿಂತ ಸೊಸೆ ಏನು ಎತ್ತ ತಿಳಿಯದಿದ್ದರೂ ಅಳಲು ಶುರು ಮಾಡಿದ್ದಳು.

ಮೂರನೆಯದನ್ನು ಆಯಿ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನೋಡಿದಳು. ನುಂಗಿದಳು. ಹುಬ್ಬು ಗಂಟು ಹಾಕಿ, ಗಂಜಿ ಮಾಡಿದ ನನ್ನ ಕಡೆ ಒಂದು ಸಲ ನೋಡಿ, ಮಾಲಕರ ಕಡೆ ತಿರುಗಿದಳು.

"ಅವತ್ತಿನ ಗಂಜಿ ಇಷ್ಟ ನೀರ ಇದ್ದಿದ್ರ, ನಾ ಬೈತಾನ ಇರಲಿಲ್ಲ ತಮ್ಮಾ. ಒಯ್ಯಿ ಅಂತಿದ್ದೆ."